ಐದು ಸಲ ಬಿಗಿಯಾದ ಕೋಟು

“ನೋಡಿ ಡಾಕ್ಟ್ರಮ್ಮ, ನಲವತ್ತೊಂದು ವರ್ಷದಿಂದ ಕೋಟು ಹೊಲೀತಾ ಇದ್ದೀನಿ. ಗಿರಾಕಿ ಬಂದು ಕನ್ನಡಿ ಮುಂದೆ ನಿಂತ್ರೆ, ಎಲ್ಲಿ ಕತ್ತರಿ ಹಾಕ್ತೀನಿ, ಎಷ್ಟು ಬಿಡ್ತೀನಿ, ಯಾಕೆ ಬಿಡ್ತೀನಿ, ಅಷ್ಟೂ ಹೇಳಿ, ಅವನು ಹೂಂ ಅಂದ್ಮೇಲೇನೇ ಕತ್ತರಿ ಎತ್ತೋದು. ಅದು ಬರೀ ಬಟ್ಟೆ, ಹಾಳಾದ್ರೆ ಇನ್ನೊಂದು ತರಬಹುದು. ನೀವು ಕತ್ತರಿ ಹಾಕೋದು ನನ್ನ ಹೊಟ್ಟೆಗೆ. ‘ಸ್ವಲ್ಪ ತೊಂದರೆ ಇದೆ, ನೋಡೋಣ’ ಅಂದ್ರೆ ಹೇಗೆ? ಸ್ವಲ್ಪ ಅಂದ್ರೆ ಎಷ್ಟು? ಇಂಚೋ, ಅರ್ಧ ಇಂಚೋ? ಒಳಗಿನ ಬಟ್ಟೇಲೋ, ಹೊರಗಿನ ಬಟ್ಟೇಲೋ? ನಿಮ್ಮ ಭಾಷೆ ನನಗೆ ಬರಲ್ಲ, ಹೊಲಿಗೆ ಬರುತ್ತೆ. ಹೊಲಿಗೇಲಿ ಹೇಳಿ.”

ಹೀಗೆಂದವನು ನನ್ನ ಮೈದುನ. ಮೈಮೇಲೆ ಆಸ್ಪತ್ರೆಯ ಹಸಿರು ಅಂಗಿ, ಕೊರಳಲ್ಲಿ ಅಳತೆಯ ಟೇಪು. ಟೇಪು ತೆಗೆದಿಡಿ ಎಂದು ನರ್ಸು ಎರಡು ಸಲ ಹೇಳಿದ್ದಳು; ಅವಳ ಅಂಗಿಯ ಎಡತೋಳಿನ ಹೊಲಿಗೆ ಓರೆಯಾಗಿದೆಯೆಂದು ಇವನು ತೋರಿಸಿಕೊಟ್ಟ ಮೇಲೆ ಮೂರನೆಯ ಸಲ ಹೇಳಲಿಲ್ಲ.

ನನ್ನ ಯಜಮಾನರು ತೀರಿಕೊಂಡ ವರ್ಷ ಅವನ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯಲು ಕೂತವಳು ನಾನು. ಇಪ್ಪತ್ತಮೂರು ವರ್ಷ ಅವನ ಎಡಗಡೆಯ ಸ್ಟೂಲು ನನ್ನದು. ಮದುವೆ ಮಾಡಿಕೋ ಮಾರಾಯ ಎಂದರೆ, “ಬಂದೋಳು ನಿಮ್ಮ ಜೊತೆ ಜಗಳ ಆಡಿ ಓಡಿಸಿಬಿಟ್ರೆ, ಇಂಥ ಕಾಜಾ ಹೊಲಿಯೋರನ್ನ ಎಲ್ಲಿಂದ ತರಲಿ ಅತ್ತಿಗೆ?” ಎನ್ನುತ್ತಿದ್ದ. ಭಾರದ ಕತ್ತರಿ ಹಿಡಿದು ಹಿಡಿದು ಬಲಭುಜ ಕೆಳಗಿಳಿದಿತ್ತು. ಮೇಜಿಗೂ ಕನ್ನಡಿಗೂ ನಡುವಿನ ಸಂದಿಯಲ್ಲಿ ಓಡಾಡಿದ ಅಭ್ಯಾಸಕ್ಕೆ, ಅಗಲವಾದ ಬೀದಿಯಲ್ಲೂ ಯಾವುದೋ ಮೇಜಿನ ಮೂಲೆ ತಗುಲೀತೆಂಬಂತೆ ಒಂದು ಪಕ್ಕೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದ. ಅಳತೆ ತೆಗೆಯುವಾಗ ಅವನು ಕೂಗುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ನಾನು ಬರೆದು ಮುಗಿಸುವಷ್ಟರಲ್ಲಿ, “ಸರಿ, ಮುಂದೆ?” ಮಾತಿಗೂ ಅದೇ, ಊಟಕ್ಕೂ ಅದೇ. ಯಾರಾದರೂ ತಮ್ಮ ಮನೆಯ ಸಾವಿನ ಸುದ್ದಿ ಹೇಳಿದರೂ, ಅವನ ಬಾಯಿಂದ “ಸರಿ, ಮುಂದೆ?” ಬಂದುಬಿಡುತ್ತಿತ್ತು, ಆಮೇಲೆ ತುಟಿ ಕಚ್ಚಿಕೊಳ್ಳುತ್ತಿದ್ದ.

ಅವನಿಗೊಂದು ಬೂದುಬಣ್ಣದ ಕೋಟಿತ್ತು. ಅಂಗಡಿಗೆ ಅದೇ ಬೋರ್ಡು ಎನ್ನುತ್ತಿದ್ದ. ಮೈಗೆ ಅಂಟಿದಂತೆ ಕೂರುತ್ತಿತ್ತು, ಒಂದು ಸುಕ್ಕಿಲ್ಲ, ಒಂದು ಜೋಲಿಲ್ಲ. ನಮ್ಮೆಲ್ಲರನ್ನೂ ಮೋಸಗೊಳಿಸಿದ್ದು ಆ ಕೋಟೇ. ಆಸ್ಪತ್ರೆ ಸೇರಿದ ವರ್ಷ ನಾಲ್ಕು ತುತ್ತಿಗೇ ತಟ್ಟೆ ಸರಿಸಲು ಶುರುಮಾಡಿದ್ದ. “ಗ್ಯಾಸು” ಎಂದು ಜೇಬಿನಿಂದ ಮಾತ್ರೆ ತೆಗೆದು ಚೀಪುತ್ತಿದ್ದ. ಚೀಪಿದರೆ ಒಂದಿಷ್ಟು ಹಗುರಾಗುತ್ತಿತ್ತು, ಹಗುರಾದದ್ದೇ ಕೆಟ್ಟದ್ದಾಯಿತು. ಬೇರೆ ಯಾರಾದರೂ ಬಡವಾದರೆ ಅಂಗಿ ಜೋತುಬಿದ್ದು ಊರಿಗೆಲ್ಲ ಹೇಳಿಬಿಡುತ್ತದೆ. ಇವನೋ, ಸಡಿಲವಾದ ಬಟ್ಟೆ ಕಂಡರೆ ಕೈ ಸುಮ್ಮನಿರದ ಮನುಷ್ಯ. ಕೋಟು ಒಂದು ಬೆರಳು ಸಡಿಲವಾದೊಡನೆ ಬಿಚ್ಚಿ ಬಿಗಿಮಾಡಿ ಹೊಲಿದುಕೊಂಡ. ಮತ್ತೆ ಸಡಿಲವಾಯಿತು, ಮತ್ತೆ ಹೊಲಿದ. ಅವನ ಬಟ್ಟೆ ಅವನ ಪರವಾಗಿ ಸುಳ್ಳು ಹೇಳುತ್ತಾ ಹೋಯಿತು. ಮಲ ಕರ್ರಗಾದದ್ದನ್ನೂ ಯಾರಿಗೂ ಹೇಳಲಿಲ್ಲ. ಕೊನೆಗೊಂದು ಬೆಳಿಗ್ಗೆ ಇಸ್ತ್ರಿ ಮೇಜಿನ ಪಕ್ಕ ಕುಸಿದು ಬಿದ್ದ. ಆಸ್ಪತ್ರೆಯಲ್ಲಿ ಬಿಚ್ಚಿಕೊಟ್ಟ ಕೋಟನ್ನು ಮಡಿಲಲ್ಲಿಟ್ಟುಕೊಂಡು ಒಳಮಗ್ಗುಲು ತಿರುವಿ ನೋಡಿದೆ. ಬಿಚ್ಚಿದ ಹಳೆಯ ಹೊಲಿಗೆಗಳ ಸೂಜಿಗುರುತು, ಒಂದರ ಪಕ್ಕ ಒಂದು, ಐದು ಸಾಲು. ಆ ಮಿಷಿನ್ನಿನ ಸದ್ದು ಐದು ಸಲವೂ ನನ್ನ ಕಿವಿಯ ಪಕ್ಕದಲ್ಲೇ ಆಗಿತ್ತು. ಯಾರದೋ ರಿಪೇರಿ ಎಂದುಕೊಂಡಿದ್ದೆ.

ಬಾಯಿಂದ ಕೊಳವೆ ಇಳಿಸಿ, ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು. ಹೊಟ್ಟೆಯ ಕ್ಯಾನ್ಸರು. ಡಾಕ್ಟರಮ್ಮ ಒಳ್ಳೆಯ ಹೆಂಗಸು; ಹೊಲಿಗೇಲಿ ಹೇಳಿ ಎಂದ ಇವನ ಮಾತಿಗೆ ಸಿಟ್ಟಾಗದೆ, ಹಾಸಿಗೆಯ ಅಂಚಿನಲ್ಲಿ ಕೂತು, ಅವನ ಕೋಟನ್ನೇ ಕೈಗೆತ್ತಿಕೊಂಡಳು.

“ಒಳಗಡೆ ಅಸ್ತರು ಇದೆಯಲ್ಲ, ಅಲ್ಲಿ ಶುರುವಾಗಿದೆ. ಮಧ್ಯದ ಕ್ಯಾನ್ವಾಸನ್ನೂ ಹಿಡಿದಿದೆ.”

“ಹೊರಗಿನ ಬಟ್ಟೆಗೆ ಬಂದಿದೆಯಾ?”

“ಅದನ್ನ ನೋಡಬೇಕು. ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸ್ತೀವಿ. ಹೊರಗೆ ಹರಡಿಲ್ಲ ಅಂದ್ರೆ, ಅವತ್ತೇ ಹೊಟ್ಟೆ ಕುಯ್ದು ಪೂರ್ತಿ ತೆಗೀತೀವಿ.”

“ಹರಡಿದ್ರೆ?”

“ತೆಗೆದು ಪ್ರಯೋಜನ ಇಲ್ಲ. ಮುಚ್ಚಿಬಿಡ್ತೀವಿ.”

“ಸರಿ, ಮುಂದೆ?” ಎಂದ. ಅವಳು ನಕ್ಕಳು, ಇವನು ನಗಲಿಲ್ಲ.

ಆ ದಿನ ಒಳಗೆ ಕರೆದೊಯ್ದು ಒಂದು ಗಂಟೆಯೂ ಆಗಿರಲಿಲ್ಲ, ಡಾಕ್ಟರಮ್ಮ ಹೊರಗೆ ಬಂದಳು. ನನಗೆ ಹೆಚ್ಚು ಓದು ಬರಹವಿಲ್ಲ, ಆದರೆ ಕೇಳಿದ ಮಾತು ಒಂದಕ್ಷರ ಬೀಳದೆ ಉಳಿಯುತ್ತದೆ. “ಹೊರಗಡೆ, ಹೊಟ್ಟೆಯ ಪೊರೆ ತುಂಬ ಸಾಸಿವೆ ಚೆಲ್ಲಿದ ಹಾಗೆ ಹರಡಿದೆ. ಔಷಧಿ ಕೊಟ್ರೆ ಕೆಲವು ತಿಂಗಳು, ವರ್ಷ ಅಂತ ಹೇಳೋಕಾಗಲ್ಲ. ಸಂಜೆ ನಾನೇ ಬಂದು ಹೇಳ್ತೀನಿ.” ನಾನು ಸಂಜೆಯವರೆಗೂ ಕಾಯಲಿಲ್ಲ. ಕಣ್ಣು ಬಿಟ್ಟವನು ನನ್ನ ಮುಖ ನೋಡಿದ ಕೂಡಲೇ, “ಎಲ್ಲಾ ತೆಗೆದ್ರಂತೆ ಕಣೋ, ಇನ್ನು ಹೆದರಿಕೆ ಇಲ್ಲ” ಎಂದುಬಿಟ್ಟೆ.

ಅವನು ಮೆಲ್ಲಗೆ ಅಂಗಿ ಎತ್ತಿದ. ಹೊಟ್ಟೆಯ ಮೇಲೆ ಮೂರು ಪುಟ್ಟ ಪಟ್ಟಿ.

“ಅತ್ತಿಗೆ, ಮೂರು ಕಾಜಾ. ಕಾಜಾ ಹೊಲಿಯೋರು ನೀವು, ನೀವೇ ಹೇಳಿ. ಇದರಲ್ಲಿ ಎಷ್ಟು ದೊಡ್ಡ ಗುಂಡಿ ತೂರುತ್ತೆ?”

 ಡಾಕ್ಟರಮ್ಮ ಹೇಳಿದ್ದನ್ನು ಸಾಸಿವೆಯ ಸಮೇತ ಅವಳ ಮಾತಲ್ಲೇ ಒಪ್ಪಿಸಿದೆ. ಅವನು ಗೋಡೆಯ ಕಡೆ ಮುಖ ಮಾಡಿದ. ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದ. ಆಮೇಲೆ, “ನಾನೂ ನಿಮಗೆ ಗ್ಯಾಸು ಅಂತ ಸುಳ್ಳು ಹೇಳಿದ್ದೆ. ಅಲ್ಲಿಗಲ್ಲಿಗೆ ಆಯ್ತು. ಇನ್ಮೇಲೆ ಬೇಡ” ಎಂದ.

ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧಿ ಬಿಡುತ್ತಿದ್ದರು. ಅದು ಏರಿದ ಮೇಲೆ ತಣ್ಣಗಿನದೇನು ಮುಟ್ಟಿದರೂ ಕರೆಂಟು ಹೊಡೆದಂತೆ. ತನ್ನ ಕತ್ತರಿಯನ್ನೇ ಹಿಡಿಯಲಾರದೆ, ಹಿಡಿಗೆ ಉಣ್ಣೆಯ ಚೂರು ಸುತ್ತಿಕೊಂಡ. ಬೆರಳ ತುದಿ ಜೋಮು ಹಿಡಿದು ಬಟ್ಟೆಯ ನೇಯ್ಗೆ ತಿಳಿಯದಾದ ದಿನ ಮಾತ್ರ ಅತ್ತ. ಎಂಟು ತಿಂಗಳಿಗೆ ಔಷಧಿಯೂ ಸೋತಿತು. ಆಗ ಡಾಕ್ಟರಮ್ಮನನ್ನು ಕೂರಿಸಿಕೊಂಡು ಇನ್ನೇನೇನಾಗುತ್ತದೆಂದು ಕೇಳಿ ತಿಳಿದು, ಮನೆಗೆ ಬಂದು ನನಗೆ ಪಾಠ ಒಪ್ಪಿಸಿದ. “ಹೊಟ್ಟೇಲಿ ನೀರು ತುಂಬುತ್ತೆ. ಆಗ ಕಡಿಮೆ ಆಗಲಿ ಅಂತ ನೀರು ಕುಡಿಸೋದು ನಿಲ್ಲಿಸಬೇಡಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆಮೇಲೆ ಊಟ ಇಳಿಯಲ್ಲ. ಒಂದು ತುತ್ತು ತಿನ್ನು ಅಂತ ಪೀಡಿಸಬೇಡಿ, ತುಟಿ ಒದ್ದೆ ಮಾಡಿ, ಸಾಕು. ನೋವಿನ ಔಷಧಿ ನಾನು ಕೇಳೋವರೆಗೂ ಕಾಯಬೇಡಿ, ಹೊತ್ತಿಗೆ ಸರಿಯಾಗಿ ಕೊಡಿ. ಕೊನೇಲಿ ಬರೀ ನಿದ್ದೆ.”

ಅವನು ಹೇಳಿದ ಕ್ರಮದಲ್ಲೇ ನಡೆಯಿತು, ಐದು ವಾರದಲ್ಲಿ. ನೋವು ಮಾತ್ರ ಅವನು ಹೇಳಿದ್ದಕ್ಕಿಂತ ಹೆಚ್ಚಿತ್ತು. ಅವನು ಧೈರ್ಯಸ್ಥ ಎಂದು ಬಂದವರೆಲ್ಲ ಹೊಗಳಿದರು. ಬೆರಳು ಜೋಮು ಹಿಡಿದ ದಿನ ಅವನು ಅತ್ತದ್ದನ್ನು ಅವರು ಕಂಡಿರಲಿಲ್ಲ. ಜೀವಮಾನವಿಡೀ ಕೈಯಿಂದ ಕೆಲಸ ಮಾಡಿದ ಇಂಥವರಿಗೆ ಸಾವಿಗಿಂತಲೂ, ಅಳತೆ ತಿಳಿಸದೆ ತಮ್ಮ ಮೈಮೇಲೆ ಇನ್ನೊಬ್ಬರು ಕೈಯಾಡಿಸುವುದೇ ಸಹಿಸಲಾಗದ ಸಂಗತಿ. ತಿಳಿದುಕೊಂಡರೆ ಬದುಕುತ್ತೇವೆಂದು ಅವರು ಕೇಳುವುದಿಲ್ಲ. ತಮ್ಮದನ್ನು ತಾವೇ ತಿಳಿದು, ಪಕ್ಕದವರಿಗೂ ಒಂದಿಷ್ಟು ತಿಳಿಸಿ ಹೋಗುತ್ತಾರೆ.

ಅವನು ನನಗೆ ಪಾಠ ಒಪ್ಪಿಸಿದ ಆ ಮಧ್ಯಾಹ್ನ ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. “ಹಗ್ಗದ ಮೇಲೆ ಹೊದಿಕೆ ಒಣಗಿರಬೇಕು, ತನ್ನಿ” ಎಂದ. ಹೋಗಿ ತಂದೆ. ಒಬ್ಬಳೇ ಮಡಚುತ್ತೇನೆಂದರೆ ಬಿಡದೆ, ಮಂಚದ ಅಂಚು ಹಿಡಿದು ಎದ್ದು ನಿಂತು ಎರಡು ತುದಿ ತೆಗೆದುಕೊಂಡ. ನಾನು ಇನ್ನೆರಡು ತುದಿ ಹಿಡಿದು ಬಾಗಿಲವರೆಗೆ ಹಿಂದೆ ಸರಿದೆ. “ಎಳೀರಿ” ಎಂದ. ಎಳೆದೆ. ಒಮ್ಮೆ ಕೊಡವಿ, ಅಂಚಿಗೆ ಅಂಚು ಕೂಡಿಸಿ, ನನ್ನ ತುದಿಗಳನ್ನು ಅವನ ಕೈಗೆ ಕೊಟ್ಟು, ಬಗ್ಗಿ ನಡುವಿನ ಮಡಿಕೆಯನ್ನು ಹಿಡಿದುಕೊಂಡೆ.