ಮೂರು ನೀರಲ್ಲಿ ತೊಳೆದ ಹ್ಯಾಮ್

ಹಾಳಾದ್ದು ಈ ಅಲ್ಯುಮಿನಿಯಂ ಫಾಯಿಲ್, ಹರಿದಾಗಲೆಲ್ಲ ಓರೆಯಾಗಿಯೇ ಹರಿಯುತ್ತದೆ, ಡಬ್ಬಿಯ ಅಂಚಿಗೆ ಗರಗಸದ ಹಲ್ಲು ಕೊಟ್ಟಿದ್ದಾರಂತೆ, ಹಲ್ಲಲ್ಲ ಅದು, ಬೊಚ್ಚುಬಾಯಿ, ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈಗೆ ಒಂದು ಹಾಳೆ ನೆಟ್ಟಗೆ ಹರಿಯಲು ಬರುವುದಿಲ್ಲವೆಂದರೆ ಏನು ಹೇಳೋಣ, ಕತ್ತರಿ ತರಬೇಕು, ಕತ್ತರಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಮೇಲಿದೆ, ಸೊಂಟದ ಹೊಲಿಗೆ ಬಿಡಿಸಬೇಕಾದ ಆ ನೀಲಿ ಪ್ಯಾಂಟಿನ ಕೆಳಗೆ, ತರಬೇಕಾದರೆ ತಂಗಿಯ ಮುಂದೆ ಹಾದು ಹೋಗಬೇಕು, ಹಾದು ಹೋದರೆ ಮುಖ ನೋಡಬೇಕು — ಬೇಡ, ಓರೆ ಇದ್ದರೆ ಇರಲಿ, ಮಡಚಿದ ಮೇಲೆ ಯಾರಿಗೆ ಕಾಣುತ್ತದೆ. ಕೆಮ್ಮಿದಳು. ಮತ್ತೆ ಕೆಮ್ಮಿದಳು. ಎರಡು ದಿಂಬು ಸಾಲದೆ ಮೂರನೆಯದನ್ನೂ ಬೆನ್ನಿಗೆ ಕೊಟ್ಟು ಕೂರಿಸಿದ್ದೇನೆ, ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುತ್ತಾಳೆ, ಕಟ್ಟದೆ ಏನು ಮಾಡುತ್ತದೆ, ಸೋಮವಾರ ಡಯಾಲಿಸಿಸ್‌ಗೆ ಹೋಗಲಿಲ್ಲ, ಇವತ್ತು ಬುಧವಾರ, ಇವತ್ತೂ ಹೋಗಲಿಲ್ಲ, ಮಧ್ಯಾಹ್ನ ಆಸ್ಪತ್ರೆಯ ವ್ಯಾನು ಬಂದು ಎರಡು ಸಲ ಹಾರ್ನ್ ಹೊಡೆಯಿತು, ನಾನು ಅವಳ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟೆ, ಏನೂ ಆಗದವಳ ಹಾಗೆ, ಚೀಲವನ್ನೂ ತಂದಿಟ್ಟೆ, ಅವಳು ಚಪ್ಪಲಿ ನೋಡಿದಳು, ಕಿಟಕಿಯಿಂದ ಕೈ ಹೊರಗೆ ಹಾಕಿ ಡ್ರೈವರನಿಗೆ ಹೋಗಪ್ಪಾ ಎಂದು ಬೀಸಿದಳು, ಅವನು ಅರ್ಥವಾಗದೆ ಇನ್ನೊಂದು ಸಲ ಹಾರ್ನ್ ಹೊಡೆದ, ಆಮೇಲೆ ಹೋದ. ಚಪ್ಪಲಿ ಇನ್ನೂ ಅಲ್ಲೇ ಇವೆ, ನಾನು ಎತ್ತುವುದಿಲ್ಲ, ಶುಕ್ರವಾರ ಮತ್ತೆ ವ್ಯಾನು ಬರುತ್ತದಲ್ಲ.

ಅವಳಿಗೆ ಚೂಟಿ ಎಂದು ಹೆಸರಿಟ್ಟವಳು ನಾನೇ, ಏಳು ವರ್ಷ ದೊಡ್ಡವಳು ನಾನು, ಅಮ್ಮನಿಗಿಂತ ಹೆಚ್ಚು ನನ್ನ ಸೊಂಟದ ಮೇಲೆಯೇ ಬೆಳೆದ ಕೂಸು, ಮೂವತ್ತು ವರ್ಷ ಸಿನಿಮಾ ಟಿಕೆಟ್ ಕೌಂಟರಿನಲ್ಲಿ ಕೂತು ಊರಿನವರೆಲ್ಲರ ಬಾಯಿ ಮುಚ್ಚಿಸಿದವಳು, ಎರಡೂ ಮೂತ್ರಪಿಂಡ ಕೈ ಕೊಟ್ಟವು ಎಂದು ಡಾಕ್ಟರು ಹೇಳಿದಾಗ ಎರಡೂ ಒಟ್ಟಿಗೇ ರಜೆ ಹಾಕಿದ್ವಾ ಡಾಕ್ಟ್ರೇ, ಒಂದಾದ್ರೂ ಡ್ಯೂಟಿಗೆ ಬರಬಾರದಿತ್ತಾ ಎಂದಳು, ಡಾಕ್ಟರು ನಕ್ಕರು, ನನಗೆ ಮೈ ಉರಿಯಿತು, ನಗುವ ಹೊತ್ತಾ ಅದು. ನನ್ನದೊಂದು ಕೊಡುತ್ತೇನೆ ಎಂದೆ, ರಕ್ತ ಪರೀಕ್ಷೆ ಮಾಡಿದರು, ಹೊಂದಲಿಲ್ಲ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಹೊಂದುವುದಿಲ್ಲವೆಂದರೆ ಯಾವ ನ್ಯಾಯ ಇದು, ಅವಳು ಮಾತ್ರ ಸದ್ಯ, ನಿನ್ನ ಕಿಡ್ನಿ ಬಂದಿದ್ರೆ ಅದೂ ನನ್ನನ್ನ ಬೈಕೊಂಡೇ ಕೆಲಸ ಮಾಡ್ತಿತ್ತು ಎಂದಳು. ಅಲ್ಲಿಂದ ಶುರು, ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ನಾಲ್ಕು ವರ್ಷ. ಹೋದ ವಾರ ಡಾಕ್ಟರ ಮುಂದೆ ಕಾಗದಕ್ಕೆ ಸಹಿ ಹಾಕಿದಳು, ಇನ್ನು ಬೇಡ, ಸಾಕಾಯ್ತು, ಸೂಜಿ ಕಂಡ್ರೆ ತೋಳೇ ಬೇರೆ ಕಡೆ ತಿರುಗ್ತದೆ ಎಂದಳು, ಡಾಕ್ಟರು ನನ್ನ ಕಡೆ ನೋಡಿ ನಿರ್ಧಾರ ಅವರದ್ದೇ ಅಮ್ಮಾ, ಮನಸ್ಸು ಬದಲಾದ್ರೆ ಯಾವಾಗ ಬೇಕಾದ್ರೂ ಬನ್ನಿ ಎಂದರು. ಮನಸ್ಸು ಬದಲಾದರೆ. ನಾನು ಆ ಒಂದು ಮಾತನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದೆ. ಎರಡು ದಿನ ಅವಳೊಡನೆ ಮಾತು ಬಿಟ್ಟೆ, ಸಿಟ್ಟು, ದುಃಖಕ್ಕಿಂತ ಮೊದಲು ಸಿಟ್ಟೇ ಬಂತು, ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ. ಮೂರನೆಯ ದಿನ ಅವಳೇ ಬಂದು ಹೊಲಿಗೆ ಮೆಷಿನ್ ಪಕ್ಕ ನಿಂತು ಈ ಹಾಳೆ ಚಾಚಿದಳು, ಅಕ್ಕಾ, ಇದು ಮಾಡಿಕೊಡ್ತೀಯಾ.

ಇದೇ ಹಾಳೆ, ಮಡಿಕೆಯಲ್ಲೆಲ್ಲ ಸವೆದು ಬಿಳಿಯಾಗಿದೆ, ಡಯಾಲಿಸಿಸ್ ಕೋಣೆಯಲ್ಲಿ ಇಟ್ಟಿದ್ದ ಪತ್ರಿಕೆಯಿಂದ ಹರಿದುಕೊಂಡದ್ದು, ಫಾಯಿಲಿನಲ್ಲಿ ಸುಲಭದ ಸಿಹಿ-ಖಾರ ಹ್ಯಾಮ್ ಊಟ, ಪಾತ್ರೆ ತೊಳೆಯುವ ತಾಪತ್ರಯವಿಲ್ಲ, ಯಾರು ಬೇಕಾದರೂ ಮಾಡಬಹುದು. ಆ ಕೋಣೆಯಲ್ಲಿ ಅಡುಗೆಯ ಪತ್ರಿಕೆ ಇಟ್ಟ ಪುಣ್ಯಾತ್ಮ ಯಾರೋ, ಎಂಟು ಕುರ್ಚಿಯಲ್ಲಿ ಎಂಟು ಜನ, ಉಪ್ಪು ಕೂಡದು, ಬಾಳೆಹಣ್ಣು ಕೂಡದು, ಆಲೂಗಡ್ಡೆ ಕೂಡದು, ನೀರು ಅಳೆದು ಕುಡಿಯಬೇಕು, ಇವಳು ಇದನ್ನು ಗಟ್ಟಿಯಾಗಿ ಓದುತ್ತಿದ್ದಳಂತೆ, ಹ್ಯಾಮ್ ನಾಲ್ಕು ಹೋಳು, ಆಹಾ, ಅನಾನಸ್ ಬಿಲ್ಲೆ ನಾಲ್ಕು, ಆಹಾ, ಎಂಟು ಜನವೂ ಆಹಾ ಎನ್ನುತ್ತಿದ್ದರಂತೆ, ನರ್ಸು ಬಂದು ಗದರಿಸುವ ತನಕ. ಈಗ ಆ ಎಂಟರಲ್ಲಿ ಐದು ಕುರ್ಚಿಯಲ್ಲಿ ಬೇರೆಯವರು ಕೂತಿದ್ದಾರೆ. ನಾನು ಹಾಳೆ ಓದಿದೆ, ಹ್ಯಾಮ್ ಎಂದರೆ ಉಪ್ಪು ಹಿಡಿಸಿದ ಹಂದಿ ಮಾಂಸ, ಉಪ್ಪಿನಲ್ಲೇ ಹುಟ್ಟಿದ್ದು, ಆಲೂಗಡ್ಡೆ ಎದೆಬಡಿತ ನಿಲ್ಲಿಸುತ್ತದೆ, ಅನಾನಸ್ ಒಂದು ಬಿಟ್ಟರೆ ಒಂದೇ ಪೊಟ್ಟಣದಲ್ಲಿ ಎಲ್ಲ ಶತ್ರುಗಳನ್ನೂ ಕಟ್ಟಿ ಬೇಯಿಸು ಎನ್ನುತ್ತಾಳಲ್ಲ ಇವಳು. ಮಾಡಿಕೊಟ್ಟರೆ ಸರಿ ಹೋಗು ಎಂದ ಹಾಗೆ. ಮಾಡದಿದ್ದರೆ — ಮಾಡದಿದ್ದರೂ ಹೋಗುತ್ತಾಳೆ, ಬಾಯಿ ಕಟ್ಟಿಕೊಂಡು ಹೋಗುತ್ತಾಳೆ, ಅಷ್ಟೇ ವ್ಯತ್ಯಾಸ. ಬೆಳಿಗ್ಗೆ ಮಾಂಸದಂಗಡಿಯವನು ತೂಗುತ್ತ ಏನಮ್ಮಾ, ಬಹಳ ದಿನದ ಮೇಲೆ, ನೆಂಟರಾ ಎಂದ, ಹೂಂ ಎಂದೆ, ಎಷ್ಟು ದಿನ ಇರ್ತಾರೆ ಎಂದ, ಸುಮ್ಮನೆ ಕಟ್ಟಿಕೊಡಪ್ಪಾ, ಊರ ಉಸಾಬರಿ ನಿನಗ್ಯಾಕೆ ಎಂದು ಅವನ ಮುಖಕ್ಕೆ ಹೊಡೆದ ಹಾಗೆ ಹೇಳಿದೆ, ಪಾಪ, ಅವನದೇನು ತಪ್ಪು.

ಸರಿ, ಎರಡು ಹಾಳೆ ಹರಿದಾಯಿತು, ಅವಳಿಗೊಂದು, ನನಗೊಂದು, ನಡುವೆ ಬೆಣ್ಣೆ ಸವರು ಎಂದಿದೆ, ಸವರಿದೆ, ಮೇಲೆ ಆಲೂಗಡ್ಡೆಯ ಬಿಲ್ಲೆ, ಅದರ ಮೇಲೆ ಹ್ಯಾಮ್, ಎಲ್ಲಿ ಹ್ಯಾಮ್, ಸಿಂಕಿನಲ್ಲಿ, ಪಾತ್ರೆಯ ನೀರಿನಲ್ಲಿ — ಅಯ್ಯೋ ಇದೇನು ಮಾಡಿದೆ. ಯಾವಾಗ ಹಾಕಿದೆ ನೀರಿಗೆ. ಅಂಗಡಿಯಿಂದ ಬಂದವಳು ಮನಸ್ಸಿನಲ್ಲೇ ಅವಳೊಡನೆ ಜಗಳ ಆಡುತ್ತ ಚೀಲ ಬಿಚ್ಚಿದೆ, ಆಲೂಗಡ್ಡೆ ಹೆಚ್ಚಿ ನೀರಿಗೆ ಹಾಕಿದೆ, ಹ್ಯಾಮನ್ನೂ ನೀರಿಗೆ ಹಾಕಿದೆ, ಒಂದು ಗಂಟೆ ಬಿಟ್ಟು ನೀರು ಚೆಲ್ಲಿ ಹೊಸ ನೀರು, ಮತ್ತೆ ಚೆಲ್ಲಿ ಮತ್ತೆ ಹೊಸ ನೀರು, ಮೂರು ನೀರು, ಕೈಗೆ ಬೇರೇನೂ ಗೊತ್ತಿಲ್ಲ, ನಾಲ್ಕು ವರ್ಷದಿಂದ ಈ ಮನೆಗೆ ಬಂದ ತರಕಾರಿ, ಮೀನು, ಕಾಳು ಯಾವುದೂ ಮೂರು ನೀರು ಕಾಣದೆ ಒಲೆ ಹತ್ತಿಲ್ಲ. ಒಂದು ಮೂಲೆ ಕಿತ್ತು ಬಾಯಿಗೆ ಹಾಕಿಕೊಂಡೆ, ಥೂ, ನೆನೆಸಿದ ಕ್ಯಾನ್ವಾಸು ಅಗಿದ ಹಾಗಿದೆ, ಉಪ್ಪೂ ಇಲ್ಲ ರುಚಿಯೂ ಇಲ್ಲ, ಗುಲಾಬಿ ಬಣ್ಣ ಹೋಗಿ ಸೋಪಿನ ಬಣ್ಣ ಬಂದಿದೆ. ತಲೆ ಚಚ್ಚಿಕೊಳ್ಳಬೇಕು. ಆದರೂ — ಆದರೂ ಏನು, ಹೇಳು, ಇಲ್ಲಿ ಯಾರೂ ಕೇಳುವವರಿಲ್ಲ, ಆದರೂ ಒಂದು ಸಮಾಧಾನ ಆಯಿತು ನನಗೆ, ನಾಚಿಕೆಗೆಟ್ಟ ಸಮಾಧಾನ, ಹೀಗೇ ಕಟ್ಟಿ ಬೇಯಿಸಿಬಿಡೋಣ, ಕಂದು ಸಕ್ಕರೆ, ಸಾಸಿವೆ ಸಾಸ್ ದಪ್ಪಗೆ ಮೆತ್ತಿದರೆ ಗೊತ್ತಾಗುವುದಿಲ್ಲ, ಉಪ್ಪು ಹೋಗದಿದ್ದರೆ ಬಾಯಾರುವುದಿಲ್ಲ, ಬಾಯಾರದಿದ್ದರೆ ನೀರು ಕೇಳುವುದಿಲ್ಲ, ನೀರು ಹೋಗದಿದ್ದರೆ ಶುಕ್ರವಾರದ ತನಕ ಉಸಿರು ಉಳಿಯುತ್ತದೆ, ಶುಕ್ರವಾರ ವ್ಯಾನು ಬರುತ್ತದೆ, ಮನಸ್ಸು ಬದಲಾದರೆ ಎಂದಿದ್ದಾರಲ್ಲ ಡಾಕ್ಟರು. ಅವಳಿಗೆ ಗೊತ್ತಾಗುತ್ತದೆ. ಮೊದಲ ತುತ್ತಿಗೇ ಗೊತ್ತಾಗುತ್ತದೆ, ಆದರೆ ಹೇಳುವುದಿಲ್ಲ, ಚೆನ್ನಾಗಿದೆ ಅಕ್ಕಾ ಎಂದು ಪೂರ್ತಿ ತಿಂದು ಮುಗಿಸುತ್ತಾಳೆ, ನನ್ನ ಮನಸ್ಸಿಗೆ ನೋವಾಗಬಾರದೆಂದು ಕೊನೆಯ ಊಟವನ್ನೂ ನನಗೋಸ್ಕರ ತಿನ್ನುತ್ತಾಳೆ, ಆ ಕುರ್ಚಿಯಲ್ಲಿ ನಾಲ್ಕು ವರ್ಷ ಕೂತದ್ದೂ ಹಾಗೇ ಅಲ್ಲವೆ, ನನಗೋಸ್ಕರ.

ಎರಡು ಬೇಸಗೆಯ ಹಿಂದೆ, ಮಧ್ಯಾಹ್ನ, ನಾನು ಯಾರದೋ ಮದುವೆಯ ಅಂಗಿಗೆ ಕೈ ಹೊಲಿಗೆ ಹಾಕುತ್ತಿದ್ದೆ, ಬಚ್ಚಲಿನಲ್ಲಿ ನಲ್ಲಿಯ ಸದ್ದು, ಓಡಿದೆ, ಬಗ್ಗಿ ನಲ್ಲಿಗೆ ಬಾಯಿ ಕೊಟ್ಟಿದ್ದಳು, ಕಣ್ಣು ಮುಚ್ಚಿ, ಗಂಟಲು ಏರುತ್ತಿತ್ತು ಇಳಿಯುತ್ತಿತ್ತು, ಏರುತ್ತಿತ್ತು ಇಳಿಯುತ್ತಿತ್ತು, ಅಷ್ಟು ಸುಖವಾಗಿ ಯಾರೂ ಯಾವುದನ್ನೂ ಮಾಡಿದ್ದು ನಾನು ನೋಡಿಲ್ಲ, ಹಿಡಿದೆಳೆದು ಕೆನ್ನೆಗೆ ಹೊಡೆದೆ, ಐವತ್ತೆರಡು ವರ್ಷದ ಹೆಂಗಸಿನ ಕೆನ್ನೆಗೆ, ಸಾಯ್ಬೇಕು ಅಂತಿದ್ದೀಯಾ ಎಂದು ಕೂಗಿದೆ, ಬಾಯೊಳಗಿದ್ದ ನೀರನ್ನು ನುಂಗದೆ ಉಗುಳಿದಳು, ನನ್ನ ಮುಂದೆ, ಪೂರ್ತಿ, ಆಮೇಲೆ ಇಲ್ಲ ಅಕ್ಕಾ ಎಂದಳು. ದಿನಕ್ಕೆ ಮೂರು ಲೋಟ, ಅಳೆದವಳು ನಾನು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ನಾನು, ನಾನು ಕಾಯದಿದ್ದರೆ ಯಾವತ್ತೋ ಹೋಗುತ್ತಿದ್ದಳು ಎಂದು ಎಲ್ಲರೂ ಹೊಗಳಿದರು, ಹೊಗಳಿಸಿಕೊಂಡು ಒಳ್ಳೆಯವಳಾದೆ, ಅವಳ ಬಾಯಿ ಒಣಗಿತು. ಉಪ್ಪು ಹಾಕಬೇಕು. ಇದಕ್ಕೆ ಉಪ್ಪು ಹಾಕಲೇಬೇಕು. ಆದರೆ ಮನೆಯಲ್ಲಿ ಉಪ್ಪೆಲ್ಲಿದೆ, ಅವಳಿಗಿಲ್ಲದ್ದು ನನಗೂ ಬೇಡವೆಂದು ನಾಲ್ಕು ವರ್ಷದ ಹಿಂದೆಯೇ ಎಸೆದದ್ದು, ಸೆರಗಿಗೆ ಕೈ ಒರೆಸಿಕೊಂಡು ಹಿಂಬಾಗಿಲಿನಿಂದ ಮೆಟ್ಟಿಲು ಹತ್ತುತ್ತೇನೆ, ಮೇಲಿನ ಮನೆ ಪೋಸ್ಟಿನವರದು, ಟಪಾಲು ಹಂಚಿ ನಿವೃತ್ತರಾದವರು, ಒಬ್ಬರೇ, ರೇಡಿಯೋ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದಾರೆ.

ಒಂದು ಚೂರು ಉಪ್ಪು ಬೇಕಿತ್ತು ಎಂದೆ. ಉಪ್ಪಾ, ಎಂದರು, ರೇಡಿಯೋ ಸಣ್ಣದು ಮಾಡಿದರು, ನಿಮ್ಮನೇಲಿ ಉಪ್ಪು ಸೇರಿಸಲ್ವಲ್ಲಮ್ಮಾ, ಹೋದ ವರ್ಷ ನಿಮ್ಮ ತಂಗಿಗೆ ಎರಡು ಉಪ್ಪು ಬಿಸ್ಕತ್ತು ಕೊಟ್ಟೆ ಅಂತ ಇದೇ ಮೆಟ್ಟಿಲ ಮೇಲೆ ನಿಂತು ನನ್ನ ನೀರಿಳಿಸಿದ್ರಿ. ಹೌದು ಇಳಿಸಿದ್ದೆ, ವಿಷ ಕೊಟ್ಟ ಹಾಗೆ ಎಂದಿದ್ದೆ. ಡಬ್ಬಿಯನ್ನು ಶೆಲ್ಫಿನಿಂದ ತೆಗೆದವರು ಕೊಡದೆ ಎದೆಗೆ ಅವಚಿಕೊಂಡೇ ನಿಂತರು, ನಿಮಗಾ, ಅವರಿಗಾ, ಎಂದು ಕೇಳಿದರು. ನನಗೆ ಎಂದುಬಿಡಬಹುದಿತ್ತು. ನಾಲಗೆ ತುದಿಗೆ ಬಂದಿತ್ತು. ಅವಳಿಗೇ, ಎಂದೆ, ಅವಳು ಇನ್ನು ಆಸ್ಪತ್ರೆಗೆ ಹೋಗಲ್ಲವಂತೆ, ಇನ್ನು ಉಪ್ಪು ತಿಂದ್ರೆ ಪರವಾಗಿಲ್ಲ. ನನ್ನ ಬಾಯಿಂದಲೇ ಬಂತು, ಅಷ್ಟು ದೊಡ್ಡ ಮಾತು, ಒಂದು ಲೋಟ ಹಾಲು ಕೇಳಲು ಬಂದವಳ ಧ್ವನಿಯಲ್ಲಿ. ಅವರು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕಾಗದ ಹುಡುಕಿದರು, ಕಾಗದ ಎದುರಿಗೇ ಇತ್ತು, ಕೊನೆಗೆ ಡಬ್ಬಿಯನ್ನೇ ನನ್ನ ಕೈಗಿಟ್ಟು ವಾಪಸು ಬೇಡಮ್ಮಾ, ನನ್ನ ಹತ್ರ ಇನ್ನೊಂದಿದೆ ಎಂದರು. ಇಳಿಯುವಾಗ ನಡುವೆ ಕಂಬಿ ಹಿಡಿದು ನಿಂತೆ, ಅತ್ತರೆ ಇಲ್ಲೇ ಅಳಬೇಕು, ಕೆಳಗೆ ಹೋಗಿ ಅಳುವ ಹಾಗಿಲ್ಲ, ಅಳು ಬರಲಿಲ್ಲ, ಓವನ್ ಕಾಯಿಸಿಟ್ಟಿದ್ದು ನೆನಪಾಯಿತು. ಹ್ಯಾಮಿನ ಎರಡೂ ಕಡೆ ಬೆರಳಿನಿಂದ ಉಪ್ಪು ತಿಕ್ಕಿದೆ, ಕಂದು ಸಕ್ಕರೆ, ಸಾಸಿವೆ ಸಾಸ್, ಅನಾನಸ್, ಈರುಳ್ಳಿ, ಮೆಣಸಿನ ಪುಡಿ, ಅಂಚಿಗೆ ಅಂಚು ಸೇರಿಸಿ ಎರಡು ಮಡಿಕೆ, ಪ್ಯಾಂಟಿನ ಕಾಲು ಮಡಚಿದ ಹಾಗೆ, ಆವಿ ಹೊರಗೆ ಹೋಗಬಾರದು, ನಲವತ್ತು ನಿಮಿಷ.

ಈಗ ಅವಳ ಎದುರು ಕೂತಿದ್ದೇನೆ, ತೊಡೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಪೊಟ್ಟಣ, ಹೊರಗೆ ಬೆಳಕು ಇನ್ನೂ ಇದೆ, ಕೆಳಗಿನ ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದು ಒದ್ದು ಸೋಲುತ್ತಿದ್ದಾರೆ. ನೀನೇ ಬಿಚ್ಚು ಎಂದಳು, ಬಿಚ್ಚಿದೆ, ಬಿಸಿ ಮುಖಕ್ಕೆ ಹೊಡೆಯಿತು, ಸಕ್ಕರೆ ಕರಗಿ ಅಂಚಿನಲ್ಲಿ ಕಪ್ಪಾಗಿದೆ, ಆಹಾ ಎಂದಳು, ಎಂಟು ಜನರ ಪಾಲಿನದನ್ನೂ ಸೇರಿಸಿ, ಮೆಲ್ಲಗೆ. ಒಂದು ತುತ್ತು ಬಾಯಲ್ಲಿಟ್ಟುಕೊಂಡು ಅಗಿಯದೆ ಹಾಗೇ ಕೂತಳು, ನನ್ನನ್ನು ನೋಡಿದಳು, ಉಪ್ಪು ಹಾಕಿದ್ದೀಯ. ಹಾಕಿದ್ದೀನಿ. ಎಲ್ಲಿಂದ ತಂದೆ. ಮೇಲಿನ ಮನೆಯಿಂದ. ನೀನು ಹೋಗಿ ಕೇಳಿದೆಯಾ. ಹೂಂ. ಊದಿದ ಕೈ ಚಾಚಿ ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದಳು, ಅಷ್ಟೇ, ಮತ್ತೆ ತಿಂದಳು, ನಾಲ್ಕು ತುತ್ತು, ಐದು, ಆರನೆಯದಕ್ಕೆ ದಣಿದಳು, ಸಾಕು, ನಿನ್ನ ಅಡುಗೆ ಮೊದಲನೇ ಸಲ ಊಟದ ಹಾಗಿದೆ ಕಣೇ. ನಾನೂ ತಿಂದೆ, ನಾಲ್ಕು ವರ್ಷದ ಮೇಲೆ ನಾಲಗೆಗೆ ಉಪ್ಪು ಸುಟ್ಟ ಹಾಗಾಯಿತು, ಕಣ್ಣಲ್ಲಿ ನೀರು ಬಂತು, ಉಪ್ಪಿಗೇ ಇರಬೇಕು. ಅವಳು ತುಟಿ ಸವರಿಕೊಂಡಳು. ಮತ್ತೆ ಸವರಿಕೊಂಡಳು. ಅಕ್ಕಾ, ನೀರು ಕೊಡು.

ಕೊಡಲೇ ಎಂದು ನಾನು ಯಾರನ್ನು ಕೇಳಲಿ. ನರ್ಸು ಚಿತ್ರ ಬರೆದು ತೋರಿಸಿದ್ದಾಳೆ, ನೀರು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಎದೆಗೆ ಏರುತ್ತದೆ, ಎದೆ ತುಂಬಿದರೆ ದಿಂಬು ಎಷ್ಟು ಕೊಟ್ಟರೂ ಉಸಿರಿಲ್ಲ, ನನಗೆ ದಾರಿ ಗೊತ್ತು, ಒಂದೊಂದು ಗುಟುಕು ಎಲ್ಲಿಗೆ ಹೋಗುತ್ತದೆಂದು ಗೊತ್ತು, ಎದ್ದೆ, ಅಳತೆಯ ಲೋಟ ಕೈಗೆ ಬಂತು, ಬಿಟ್ಟೆ, ನಾನು ಕುಡಿಯುವ ದೊಡ್ಡ ಗಾಜಿನ ಲೋಟ ತೆಗೆದುಕೊಂಡೆ, ಕಂಠದ ತನಕ ತುಂಬಿದೆ, ತುಳುಕಿ ಮಣಿಕಟ್ಟಿಗೆ ಇಳಿಯಿತು, ಎರಡೂ ಕೈಯಲ್ಲಿ ಹಿಡಿದು ಅವಳ ಎರಡೂ ಕೈಗೆ ಕೊಟ್ಟೆ, ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು, ಬಯ್ಯಲ್ವಾ ಎಂದಳು, ಇಲ್ಲ ಎಂದೆ, ಕುಡಿ. ಕಣ್ಣು ಮುಚ್ಚಿದಳು. ಲೋಟ ಓರೆಯಾಯಿತು. ಗಂಟಲು ಏರಿತು, ಇಳಿಯಿತು. ಏರಿತು, ಇಳಿಯಿತು. ಮುಗಿಸಿ ಲೋಟ ಚಾಚಿದಳು, ಇನ್ನೊಂದು. ತಂದೆ. ಕೊಟ್ಟೆ. ಏರುತ್ತದೆ, ಇಳಿಯುತ್ತದೆ. ನನ್ನ ಕೈ ನನ್ನ ಮಡಿಲಲ್ಲಿದೆ, ಅಲ್ಲಾಡುವುದಿಲ್ಲ. ಅವಳ ಗಂಟಲು ಏರುತ್ತದೆ. ಇಳಿಯುತ್ತದೆ. ಏರುತ್ತದೆ.