ತಿಮಿಂಗಿಲ ಬಾಯಿ ತೆರೆದ ಶುಕ್ರವಾರ

ಶಾಲೆ ಶುರುವಾದ ವಾರ, ಶುಕ್ರವಾರ ಸಂಜೆ ಎಂಟಕ್ಕೆ, ಟಿವಿಯವರು ಮಾರನೇ ಬೆಳಗಿನಿಂದ ಬರಲಿರುವ ಹೊಸ ಕಾರ್ಟೂನುಗಳ ತುಣುಕುಗಳನ್ನೆಲ್ಲ ಒಟ್ಟಿಗೆ ತೋರಿಸುತ್ತಿದ್ದರು. ಅದು ವರ್ಷಕ್ಕೊಂದೇ ಸಲ. ಅಮೆರಿಕದ ಮಿಷಿಗನ್ನಿನ ಉಳಿದ ಮಕ್ಕಳಿಗೆ ಅದು ಬರೀ ನಾಳಿನ ಅಡುಗೆಯ ಘಮ. ಮಾರ್ಲಾ ಮತ್ತು ಅವಳ ತಮ್ಮ ಡ್ವೇನ್‌ಗೆ ಅದೇ ಊಟ. ಅವರ ಕ್ರೈಸ್ತ ಸಭೆಗೆ ಶನಿವಾರ ದೇವರ ದಿನ. ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಹೊತ್ತು ಮುಳುಗುವವರೆಗೆ ಟಿವಿ ಮುಟ್ಟುವಂತಿರಲಿಲ್ಲ.

ಪುಣ್ಯಕ್ಕೆ ಸೆಪ್ಟೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟು ದಾಟಿದ ಮೇಲೆ. ಸಭೆಯವರು ಕೊಟ್ಟ ಸೂರ್ಯಾಸ್ತದ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿತ್ತು. 1978ರ ಆ ಶುಕ್ರವಾರಕ್ಕೆ ಎಂಟು ಗಂಟೆ ಆರು ನಿಮಿಷ. ಇಡೀ ವರ್ಷಕ್ಕೆ ಆರು ನಿಮಿಷ!

ಸ್ನಾನ ಮಾಡಿ, ಚರ್ಚಿನ ಬೂಟಿಗೆ ಪಾಲಿಶ್ ಹಾಕಿಟ್ಟು, ಒದ್ದೆ ತಲೆಯಲ್ಲೇ ಇಬ್ಬರೂ ಟಿವಿಯ ಮುಂದೆ ಕೂತರು. ಅಪ್ಪ ಆರ್ಲೋ ಟಿವಿಯ ಗುಂಡಿಯ ಮೇಲೆ ಕೈಯಿಟ್ಟು ನಿಂತ. ಮನುಷ್ಯ ಹಸುವಿಗೂ ಸುಳ್ಳು ಹೇಳುವವನಲ್ಲ. ಗೋಡೆ ಗಡಿಯಾರದಲ್ಲಿ ಎಂಟಾಗುವ ಮೊದಲೇ ಕಾರ್ಯಕ್ರಮ ಶುರುವಾಯಿತು.

"ಟಿವಿಯೋರಿಗೆ ಇಷ್ಟ್ಯಾಕಪ್ಪಾ ಅವಸರ?" ಅಂದ ಡ್ವೇನ್.

"ಗಡಿಯಾರ ನಾನ್ ನೋಡ್ಕೋತೀನಿ. ನೀನು ಅದನ್ ನೋಡು."

ಹಾಡುವ ರೋಬೋ ಬಂತು, ಹಾರುವ ನಾಯಿ ಬಂತು. ಆಮೇಲೆ ವೇದಿಕೆಯ ಮೇಲೆ ಮನೆಯಷ್ಟು ದೊಡ್ಡ ಕಾಗದದ ತಿಮಿಂಗಿಲ. "ಒಳಗೇನಿದೆ ನೋಡೋಣವೇ?" ಅಂತ ಯಾರೋ ಕೂಗಿದರು. ಬಾಯಿ ತೆರೆಯಿತು, ಬಂಗಾರದ ಬೆಳಕು ಸುರಿಯಿತು. ಮಾರ್ಲಾಳ ಮೈ ಜುಂ ಎಂದಿತು. ಗಡಿಯಾರ ಎಂಟು ಆರು ತೋರಿಸಿತು. ಟಕ್! ಚಿತ್ರ ಕುಗ್ಗಿ ಒಂದು ಬಿಳಿ ಚುಕ್ಕಿಯಾಗಿ ಆರಿಹೋಯಿತು. ಆರ್ಲೋ ಅಲ್ಲೇ ಮಂಡಿಯೂರಿದ. ಆವತ್ತಿನ ಅವನ ಪ್ರಾರ್ಥನೆ ಮುಗಿಯುವಂತೆಯೇ ಕಾಣಲಿಲ್ಲ.

ತಿಮಿಂಗಿಲದೊಳಗೆ ಕಡಲುಗಳ್ಳರಿದ್ದರು ಅಂತ ಡ್ವೇನ್, ಇನ್ನೊಂದು ಕಡಲೇ ಇತ್ತು ಅಂತ ಮಾರ್ಲಾ, ವರ್ಷಗಟ್ಟಲೆ ಜಗಳವಾಡಿದರು. ಇಪ್ಪತ್ತನೇ ವಯಸ್ಸಿಗೆ ಅವಳು ಸಭೆ ಬಿಟ್ಟಳು. ನೆಪ ನೂರು ಹೇಳಿದಳು, ಆದರೆ ಮೂಲದಲ್ಲಿದ್ದದ್ದು ಆ ತಿಮಿಂಗಿಲ. ಅಷ್ಟು ಚೆಂದದ್ದನ್ನು ಕಣ್ಣೆದುರೇ ಆರಿಸಿದ ಅಪ್ಪನನ್ನು ಅವಳು ಸಾಕಿದಳು, ಪ್ರೀತಿಸಿದಳು, ಕ್ಷಮಿಸಿರಲಿಲ್ಲ.

ಆ ಶುಕ್ರವಾರ ಕಳೆದು ನಲವತ್ತಾರು ವರ್ಷದ ಮೇಲೆ ಒಂದು ಮಂಗಳವಾರ ಮಧ್ಯಾಹ್ನ ಡ್ವೇನ್ ಅವಳ ಫೋನಿಗೆ ಒಂದು ವಿಡಿಯೋ ಕಳಿಸಿದ. ಆ ಸಂಜೆಯದ್ದನ್ನು ಯಾರೋ ಪುಣ್ಯಾತ್ಮ ಟೇಪು ಮಾಡಿಟ್ಟಿದ್ದನಂತೆ, "ಈಗ ಸಮಯ ಎಂಟು ಗಂಟೆ" ಎಂಬ ಘೋಷಣೆಯಿಂದ ಹಿಡಿದು ಜಾಹೀರಾತು ಸಮೇತ. ಮಾರ್ಲಾ ತೊಂಬತ್ತೊಂದರ ಅಪ್ಪನ ಪಕ್ಕ ಕೂತು ಹಚ್ಚಿದಳು. ರೋಬೋ, ನಾಯಿ, ತಿಮಿಂಗಿಲ. ಬಾಯಿ ತೆರೆಯಿತು, ಅದೇ ಬೆಳಕು. ಅಭ್ಯಾಸಬಲವೋ ಏನೋ, ಅವಳ ಬೆರಳು ವಿಡಿಯೋ ನಿಲ್ಲಿಸಿತು. ಕೆಳಗೆ ನೋಡಿದರೆ ಹನ್ನೊಂದು ನಿಮಿಷ. ಮೊದಲಿಂದ ಓಡಿಸಿ ನೋಡಿದಳು. ಹನ್ನೊಂದೇ.

"ಅಪ್ಪಾ, ಆವತ್ತು ಹೊತ್ತು ಮುಳುಗಿದ್ದು ಎಂಟು ಆರಕ್ಕೆ. ಇದು ಎಂಟು ಹನ್ನೊಂದು. ನಮ್ ಗಡಿಯಾರ ಹಿಂದಿತ್ತಾ?"

ಆರ್ಲೋ ಕಿಟಕಿಯ ಕಡೆ ನೋಡಿದ. "ತಾನಾಗೇ ಹಿಂದೆ ಬೀಳ್ಲಿಲ್ಲ. ಐದು ನಿಮಿಷ ನಾನೇ ಹಿಂದಕ್ಕೆ ತಿರುಗ್ಸಿದ್ದೆ. ವರ್ಷಾ ವರ್ಷ ಆ ಒಂದು ಶುಕ್ರವಾರ. ನೀವು ಮಲಗಿದ್ ಮೇಲೆ ಸರಿ ಮಾಡ್ತಿದ್ದೆ."

ಮಾರ್ಲಾ ಅಪ್ಪನ ಕಡೆ ತಿರುಗಿದಳು. ದೇವರ ದಿನದ ಒಂದು ಕ್ಷಣವನ್ನೂ ಮುಟ್ಟದ ಮನುಷ್ಯ!

"ದೇವರಿಗೆ ಏನಂತ ಹೇಳ್ದೆ?"

"ಆರಿಸಿದ ಕೂಡ್ಲೇ ಮಂಡಿಯೂರಿದ್ದು ಮತ್ಯಾಕೆ ಅನ್ಕೊಂಡೆ?"

ಅವಳು ಅಪ್ಪನ ನರನರವಾದ ಕೈಯನ್ನು ಹಿಡಿದುಕೊಂಡಳು. ಪರದೆಯ ಮೇಲೆ ತಿಮಿಂಗಿಲ ಬಾಯಿ ತೆರೆದುಕೊಂಡೇ ನಿಂತಿತ್ತು.

"ಮುಂದಕ್ಕೆ ಬಿಡೇ," ಅಂದ ಆರ್ಲೋ. "ಒಳಗೇನಿತ್ತು ಅಂತ ನಾನೂ ಅವತ್ತಿಂದ ಕಾಯ್ತಾ ಇದ್ದೀನಿ."