ಹಿಮ್ಮುಖವಾಗಿ ದಡ ಹತ್ತುತ್ತಿದ್ದ ಎರ್ರೆಪ್ಪ

ಹೊಳೆಯಿಂದ ಮೇಲೆ ಬರುವಾಗ ಲೋಕದ ಜನರೆಲ್ಲ ದಡಕ್ಕೆ ಮುಖ ಮಾಡಿದರೆ, ಹಂಪಿಯ ಹರಿಗೋಲಿನ ಎರ್ರೆಪ್ಪ ದಡಕ್ಕೆ ಬೆನ್ನು ಮಾಡುತ್ತಿದ್ದ. ಹುಟ್ಟನ್ನು ಹೆಗಲಿಗೇರಿಸಿ, ದೃಷ್ಟಿಯನ್ನು ತುಂಗಭದ್ರೆಯ ಮೇಲೆಯೇ ನೆಟ್ಟು, ಹಿಮ್ಮಡಿಯಿಂದ ಕಲ್ಲು ತಡವುತ್ತ, ಒಂದೊಂದೇ ಮೆಟ್ಟಿಲನ್ನು ಹಿಂದುಹಿಂದಕ್ಕೆ ಹತ್ತುವ ಆ ವಿಚಿತ್ರ ಗತಿಯನ್ನು ಕಂಡು ಹೊಸಬರು ನಗುತ್ತಿದ್ದರು. ಊರವರಾದ ನಮಗೋ, ಅದಿಲ್ಲದೆ ಸಂಜೆಯಾದಂತೆಯೇ ಅನಿಸುತ್ತಿರಲಿಲ್ಲ. ಮೈಮೇಲೆ ಯಾರೋ ಪ್ರವಾಸಿಗ ಬಿಟ್ಟುಹೋದ, ಮೊಣಕಾಲು ಮುಟ್ಟುವ ಉಣ್ಣೆಯ ಕೋಟು. ಅದರ ಜೇಬಿನಲ್ಲಿ ಸದಾ ಒಂದು ಹಿಡಿ ಮಂಡಕ್ಕಿ. ಬಂಡೆ ಕಾದು ಹೆಂಚಾಗುವ ವೈಶಾಖದಲ್ಲಿ "ಆ ಕೋಟರ ತೆಗಿಯೋ" ಎಂದರೆ "ನೋಡಾನಂತ" ಎನ್ನುತ್ತಿದ್ದ. ಏನು ಕೇಳಿದರೂ ಅವನದು ಅದೊಂದೇ ಉತ್ತರ.

"ನೀರಾಗ ನಮ್ಮವರಿದ್ರ ಬೆನ್ನು ಕೊಡಬಾರದು" ಎಂಬುದು ಅವರ ಮನೆತನದ ಕಟ್ಟಳೆ. ಕಡೆಯ ಹರಿಗೋಲು ದಡ ಮುಟ್ಟುವತನಕ ಮೊದಲು ಬಂದವನು ನೀರನ್ನೇ ನೋಡುತ್ತ ನಿಲ್ಲಬೇಕು. ಪ್ರಾಯದಲ್ಲಿ ಎರ್ರೆಪ್ಪ ಒಮ್ಮೆ ಇದನ್ನು ಮೀರಿದ. ತಮ್ಮ ರಾಮಾಂಜಿನಿ ಇನ್ನೂ ನಡುಹೊಳೆಯಲ್ಲಿದ್ದಾಗ, ಗಾಳಿಗೆ ಮರೆಯಾಗಿ ಬೀಡಿ ಹಚ್ಚಲೆಂದು ಇವನು ಬೆನ್ನು ತಿರುಗಿಸಿದ. ಹಚ್ಚಿ, ಒಂದು ದಮ್ಮು ಎಳೆದು, ಮತ್ತೆ ತಿರುಗಿದರೆ ಹರಿಗೋಲು ತನ್ನಷ್ಟಕ್ಕೆ ಗಿರಗಿರನೆ ಸುತ್ತುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ನೋಡುತ್ತಿದ್ದರೆ ತಮ್ಮ ಉಳಿಯುತ್ತಿದ್ದನೇ? ಶಿವನೇ ಬಲ್ಲ. ಅಂದಿನಿಂದ ಎರ್ರೆಪ್ಪ ಬೀಡಿ ಬಿಟ್ಟ. ನೀರಿನಲ್ಲಿ ಯಾರಿರಲಿ ಬಿಡಲಿ, ಹೊಳೆಗೆ ಬೆನ್ನು ಕೊಡುವುದನ್ನೂ ಬಿಟ್ಟ.

ಅಂಥವನ ಒಬ್ಬಳೇ ಮಗಳು ಹೊಳೆಮ್ಮ. ಅಪ್ಪನದೇ ಹಟ, ಆದರೆ ಅಂಜಿಕೆಯ ಗಂಧವಿಲ್ಲ. ಬಂಡೆ ಹತ್ತಲೆಂದು ಕರಾವಳಿಯಿಂದ ಬಂದ ಹುಡುಗಿಯರು, ಸುತ್ತುವ ಹರಿಗೋಲಿನಲ್ಲಿ ಇವಳು ಕೈಬಿಟ್ಟು ನಿಂತದ್ದನ್ನು ಕಂಡು ಬೆರಗಾಗಿ, ತಮ್ಮ ಮೂಲ್ಕಿಗೆ ಕರೆದೊಯ್ದರು. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗ್ ಕಲಿತು, ವರ್ಷವೆರಡಾಗುವಷ್ಟರಲ್ಲಿ ಅವಳು ಕಲಿಸುವವಳೂ ಆದಳು. ಇತ್ತ ಎರ್ರೆಪ್ಪನಿಗೆ ಉಂಡ ಅನ್ನ ಮೈಗೆ ಹತ್ತದಾಯಿತು. ಕಡೆಗೊಂದು ದಿನ "ಮಗಳನ್ನ ಕರ್ಕೊಂಡಾ ಬರ್ತೀನಿ" ಎಂದು ನಮಗೆಲ್ಲ ಸಾರಿ, ಕೋಟಿನ ಗುಂಡಿ ಹಾಕಿಕೊಂಡು, ಹೊಸಪೇಟೆಯಲ್ಲಿ ಮಂಗಳೂರಿನ ಬಸ್ಸು ಹತ್ತಿದ. ಮುಂದಿನದು ಹೊಳೆಮ್ಮನೇ ಆಮೇಲೆ ನಮಗೆ ಹೇಳಿದ್ದು.

ಮೂಲ್ಕಿಯಲ್ಲಿ ಶಾಂಭವಿ ನದಿ ಕಡಲು ಸೇರುತ್ತದೆ. ಒಂದು ಮಗ್ಗುಲಿಗೆ ತೆಂಗಿನ ನೆರಳು ಹೊತ್ತ ಹಸಿರು ನೀರು, ಇನ್ನೊಂದಕ್ಕೆ ನೊರೆ ಕಾರುವ ಕಡಲು, ನಡುವೆ ಗಾಳಿಮರಗಳ ತೆಳ್ಳನೆಯ ಮರಳುಪಟ್ಟಿ. ಕಾಲಿಟ್ಟಲ್ಲೆಲ್ಲ ಏಡಿಗಳು ಸರಸರನೆ ಬಿಲ ಸೇರುತ್ತಿದ್ದವು. ಸುತ್ತ ಬಂಡೆಗುಡ್ಡಗಳನ್ನೇ ನೋಡಿ ಬೆಳೆದ ಎರ್ರೆಪ್ಪನ ಕಣ್ಣಿಗೆ ಅಲ್ಲಿ ಆತುಕೊಳ್ಳಲು ಏನೂ ಸಿಗಲಿಲ್ಲ.

"ಹೊಳಿ ಇಲ್ಲಿಗೆ ತೀರಿತೇನವ್ವ?" ಎಂದು ಮಗಳನ್ನು ಕೇಳಿದ.

"ತೀರಂಗಿಲ್ಲಪ್ಪ, ಅಗಲ ಆಕ್ಕತಿ."

"ಆತು, ನೋಡಿದ್ನೆಲ್ಲ. ಮನಿಗೆ ನಡಿ."

"ನಾ ಅಲೆ ಹತ್ತೋದು ಒಂದ್ಸಲ ನೋಡು. ಆಮ್ಯಾಲೂ ಬಾ ಅಂದ್ರ ಬರ್ತೀನಿ."

ಅಲೆ ಹತ್ತುವವರು ದಡಕ್ಕೆ ಮುಖ ಮಾಡಿ, ಬರುವ ಅಲೆಗೆ ಬೆನ್ನೊಡ್ಡಬೇಕು. ತನ್ನ ಕರುಳಿನ ಕುಡಿ ಸಮುದ್ರಕ್ಕೆ ಬೆನ್ನು ಕೊಟ್ಟು ಹಲಗೆಯ ಮೇಲೆ ಬೋರಲಾದದ್ದನ್ನು ಕಂಡು ಎರ್ರೆಪ್ಪ ಕೋಟು ಸಮೇತ ಮೊಣಕಾಲುದ್ದ ನೀರಿಗಿಳಿದು, ರೆಪ್ಪೆ ಬಡಿಯದೆ ನಿಂತ. ಹೊಳೆಮ್ಮ ಎದ್ದಳು, ಅಪ್ಪನ ಮುಖ ನೋಡಿದಳು, ಬಿದ್ದಳು. ಮತ್ತೆ ಹೋದಳು, ಮತ್ತೆ ಬಿದ್ದಳು. ಅವಳಿಂದ ಕಲಿಯಲು ಬಂದವರು ಮುಖಮುಖ ನೋಡಿಕೊಂಡರು. ಇನ್ನೇನು ಬೇಕು, ಕರೆದೊಯ್ಯಲು ಇಷ್ಟು ಸಾಕಲ್ಲ ಎಂದು ಎರ್ರೆಪ್ಪನಿಗೆ ಒಳಗೊಳಗೇ ಒಂದು ನೆಮ್ಮದಿ ಮೂಡಿತ್ತು.

ಉಪ್ಪುನೀರು ಒರೆಸಿಕೊಳ್ಳುತ್ತ ಬಂದ ಮಗಳು ತಗ್ಗಿದ ದನಿಯಲ್ಲಿ ಹೇಳಿದಳು: "ದಿನಾ ಹಿಂಗ ಬೀಳಂಗಿಲ್ಲಪ್ಪ ನಾನು. ನಿನ್ನ ಮಾರಿ ಕಂಡಕೂಡ್ಲೆ ಚಿಗಪ್ಪನ ನೆನಪಾಗಿ ಕಾಲು ನಡುಗತಾವ."

ಎರ್ರೆಪ್ಪ ಒದ್ದೆಯಾದ ಕೋಟಿನ ಅಂಚು ಹಿಂಡಿದ. "ಇನ್ನೊಮ್ಮೆ ಹೋಗವ್ವ. ನಾ ನೋಡಂಗಿಲ್ಲ" ಎಂದ.

ಎಂದವನು ಕಡಲಿಗೆ ಬೆನ್ನು ಮಾಡಿ, ಎಲ್ಲರ ಹಾಗೆ ಮುಂದಕ್ಕೆ ಹೆಜ್ಜೆಯಿಟ್ಟು ನೀರಿನಿಂದ ಹೊರಬಂದ. ರಾಮಾಂಜಿನಿ ಹೋದ ಮೇಲೆ ಆತ ಹಾಗೆ ನಡೆದದ್ದು ಅದೇ ಮೊದಲು. ಎದುರಿಗಿದ್ದ ಗಾಳಿಮರವೊಂದನ್ನು ದಿಟ್ಟಿಸುತ್ತ, ಕೈಯನ್ನು ಜೇಬಿಗಿಳಿಸಿ ನಿಂತ. ಹಿಂದೆ ಒಂದು ಅಲೆ ಏರಿದ ಸದ್ದು, ಅದು ಒಡೆದ ಸದ್ದು. ಆಮೇಲೆ ಏನೂ ಇಲ್ಲ. ಕತ್ತಿನ ನರ ಸೆಟೆದವು. ಅವನು ತಿರುಗಲಿಲ್ಲ. ಒದ್ದೆ ಕೈಯೊಂದು ಹೆಗಲು ಮುಟ್ಟಿ "ಅಪ್ಪ, ದಡದ ತನಕ ನಿಂತು ಬಂದೆ" ಎಂದಾಗಲೇ ಅವನು ಉಸಿರು ಬಿಟ್ಟದ್ದು. ಜೇಬಿನ ಮಂಡಕ್ಕಿಯೆಲ್ಲ ಹಿಟ್ಟಾಗಿತ್ತು.

ಒಬ್ಬನೇ ಹಿಂದಿರುಗಿದ. "ಮಗಳೆಲ್ಲೋ?" ಎಂದು ನಾವು ಕೇಳಿದರೆ, "ನೀರಾಗದಾಳ" ಎಂದ, ಹೊಲದಾಗದಾಳ ಎನ್ನುವಷ್ಟು ಸಹಜವಾಗಿ.

ಈಗ ಎರ್ರೆಪ್ಪನ ರಟ್ಟೆ ಸೋತಿದೆ, ಹರಿಗೋಲು ದಡದಲ್ಲಿ ಬೋರಲು ಬಿದ್ದಿದೆ. ಆ ಹಿಮ್ಮುಖ ನಡಿಗೆಯಿಲ್ಲದೆ ನಮ್ಮ ಸಂಜೆಗಳು ಬಿಕೋ ಎನ್ನುತ್ತವೆ. ಕೋಟು ಹೊದ್ದು ಮೆಟ್ಟಿಲ ಮೇಲೆ ಕೂತಿರುತ್ತಾನೆ. ಹೊಳೆಯ ಕಡೆಗಲ್ಲ, ಸೂರ್ಯ ಮುಳುಗುವ ಕಡಲ ದಿಕ್ಕಿಗೆ ಮುಖ ಮಾಡಿ. ನೀರಿನ ಅಂಚಿನಲ್ಲಿ ಬಾಳುವ ಮಂದಿಗೆ ಪ್ರೀತಿಯೆಂದರೆ ಕಣ್ಣು ಕದಲಿಸದೆ ಕಾಯುವುದು. ತಮ್ಮವರ ಕಾಲು ನಡುಗದಿರಲೆಂದು ಮುಖ ತಿರುಗಿಸಿ ನಿಲ್ಲುವಷ್ಟು ಪ್ರೀತಿ ಅವರಲ್ಲಿಯೂ ಎಲ್ಲೋ ಒಬ್ಬರಿಗೆ ಒದಗುತ್ತದೆ. ಒದಗಿದವರ ಕತ್ತು ಮಾತ್ರ, ಬದುಕಿರುವಷ್ಟು ಕಾಲವೂ ಆ ನೀರಿನ ಕಡೆಗೇ ಎಳೆಯುತ್ತಿರುತ್ತದೆ.